ಶ್ರವಣದೋಷ ಮತ್ತು ಶುಶ್ರೂಷಾ ವೃತ್ತಿ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಅಡಿಕೆ ಹಾಗೂ ರಬ್ಬರ್ ಕೃಷಿಗೆ ಹೆಸರಾದಂತೆಯೇ ಶಿಕ್ಷಣಕ್ಕೂ ಹೆಸರಾಗಿವೆ. ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ಉತ್ತೀರ್ಣರಾಗುವ ಹೆಣ್ಣುಮಕ್ಕಳ ಮುಂದೆ ಇಲ್ಲಿ ಸಾಮಾನ್ಯವಾಗಿ ತೆರೆದುಕೊಳ್ಳುವ ಮಾರ್ಗಗಳಲ್ಲಿ ಶುಶ್ರೂಷಾ ಶಿಕ್ಷಣವೂ ಒಂದು. ಸುಳ್ಯದಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ನರ್ಸಿಂಗ್ ಕಾಲೇಜು ಇವೆ. ಮಂಗಳೂರಿನಲ್ಲಿ ಅನೇಕ ನರ್ಸಿಂಗ್ ಕಾಲೇಜುಗಳಿವೆ. ವ್ಯಾಸಂಗ ಮುಗಿಸಿದವರಿಗೆ ಊರಿನ ಆಸ್ಪತ್ರೆಯಿಂದ ಹಿಡಿದು ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ಮತ್ತು ಯುರೋಪಿನವರೆಗೆ ಉದ್ಯೋಗಾವಕಾಶಗಳಿವೆ. ಮಧ್ಯಮ ಹಾಗೂ ಬಡ ಕುಟುಂಬವೊಂದರ ಆರ್ಥಿಕ ಸ್ಥಿತಿಯನ್ನು ಒಂದೇ ತಲೆಮಾರಿನಲ್ಲಿ ಬದಲಿಸಬಲ್ಲ ವೃತ್ತಿಗಳ ಪೈಕಿ ಇದು ಪ್ರಮುಖವಾದುದು.

ಇಂತಹ ವೃತ್ತಿಯನ್ನು ಶ್ರವಣದೋಷವುಳ್ಳ ವಿದ್ಯಾರ್ಥಿಯೊಬ್ಬರು ಬಯಸಿದಲ್ಲಿ ಮಾರ್ಗ ಯಾವುದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯುವುದು ವಿರಳ. ‘ಕಿವಿ ಕೇಳಿಸದವರಿಗೆ ನರ್ಸಿಂಗ್ ಆಗದು’ ಎಂಬ ಮಾತು ಮನೆಯಲ್ಲಿಯೇ ಮೊದಲು ಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ಸರಿ, ಕಾನೂನು ಏನು ಹೇಳುತ್ತದೆ, ವಾರ್ಡಿನ ವಾಸ್ತವ ಏನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ದೋಷದ ಅಳತೆ ಹೇಗೆ?

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದು, ಅವರಲ್ಲಿ ಸುಮಾರು 2.35 ಲಕ್ಷ ಜನರು ಶ್ರವಣದೋಷವುಳ್ಳವರೆಂದು ದಾಖಲಾಗಿದೆ. ಇವರೆಲ್ಲರ ಸ್ಥಿತಿ ಒಂದೇ ರೀತಿಯದಲ್ಲ. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಅನುಸಾರ ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಲ್ಲಿ 70 ಡೆಸಿಬಲ್ ಶ್ರವಣನಷ್ಟವಿದ್ದಲ್ಲಿ ‘ಕಿವುಡುತನ’ ಎಂದೂ, 60ರಿಂದ 70 ಡೆಸಿಬಲ್ ನಷ್ಟವಿದ್ದಲ್ಲಿ ‘ಮಂದ ಶ್ರವಣ’ ಎಂದೂ ಪರಿಗಣಿಸಲಾಗುತ್ತದೆ. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರತಕ್ಕದ್ದು.

ಈ ಶೇಕಡಾವಾರು ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮವನ್ನು ಪೋಷಕರು ತಿಳಿದಿರುವುದು ಉಚಿತ. ಕೇಂದ್ರ ಸರ್ಕಾರವು ಪ್ರಕಟಿಸಿದ ಮಾರ್ಗಸೂಚಿಯಂತೆ ಪ್ರತಿ ಕಿವಿಯನ್ನು 500, 1000, 2000 ಮತ್ತು 4000 ಹರ್ಟ್ಸ್ ಕಂಪನಾಂಕಗಳಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ. ಉತ್ತಮವಾಗಿರುವ ಕಿವಿಯ ದೋಷದ ಪ್ರಮಾಣವನ್ನು 5ರಿಂದ ಗುಣಿಸಿ, ಅದಕ್ಕೆ ಇನ್ನೊಂದು ಕಿವಿಯ ದೋಷದ ಪ್ರಮಾಣವನ್ನು ಕೂಡಿಸಿ, ಬಂದ ಮೊತ್ತವನ್ನು 6ರಿಂದ ಭಾಗಿಸಲಾಗುತ್ತದೆ. ಉದಾಹರಣೆಗೆ, ಒಂದು ಕಿವಿ ಸಂಪೂರ್ಣ ಸರಿಯಿದ್ದು ಇನ್ನೊಂದು ಕಿವಿ ಪೂರ್ಣವಾಗಿ ಕೇಳಿಸದ ವ್ಯಕ್ತಿಯ ವಿಕಲತೆಯ ಪ್ರಮಾಣ ಸುಮಾರು ಶೇಕಡ 17 ಮಾತ್ರ. ಉತ್ತಮ ಕಿವಿಯಲ್ಲಿ ಶೇಕಡ 48 ಮತ್ತು ಇನ್ನೊಂದರಲ್ಲಿ ಶೇಕಡ 72 ದೋಷವಿರುವ ವ್ಯಕ್ತಿಯ ಪ್ರಮಾಣ ಶೇಕಡ 52 ಆಗುತ್ತದೆ.

ಮೊದಲನೆಯ ವ್ಯಕ್ತಿಗೆ ಮೀಸಲಾತಿ ಇಲ್ಲ. ಅವರು ಸಾಮಾನ್ಯ ಅಭ್ಯರ್ಥಿಯಾಗಿಯೇ ಅರ್ಜಿ ಸಲ್ಲಿಸಬೇಕು. ಎರಡನೆಯ ವ್ಯಕ್ತಿ ಕಾಯ್ದೆಯ ರಕ್ಷಣೆಗೆ ಅರ್ಹರು. ಆದರೆ ಶುಶ್ರೂಷಾ ಶಿಕ್ಷಣದ ಮಟ್ಟಿಗೆ ಅವರ ಮುಂದೆ ಬೇರೊಂದು ತೊಡಕು ಇದೆ.

ಪ್ರವೇಶ ನಿಯಮದಲ್ಲಿರುವ ಅಂತರ

ಭಾರತೀಯ ಶುಶ್ರೂಷಾ ಪರಿಷತ್ತು 1947ರ ಕಾಯ್ದೆಯನ್ವಯ ರಚಿತವಾದ ಸಂಸ್ಥೆಯಾಗಿದೆ. ಅದರ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ನಿಯಮಾವಳಿ, 2020 ಕೇಂದ್ರ ರಾಜ್ಯಪತ್ರದಲ್ಲಿ 2021ರಲ್ಲಿ ಪ್ರಕಟವಾಯಿತು. ಅದರಂತೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ ನಿಗದಿತ ಅಂಕಗಳೊಡನೆ 10+2 ಉತ್ತೀರ್ಣರಾಗಿರಬೇಕು, ವೈದ್ಯಕೀಯವಾಗಿ ಅರ್ಹರಾಗಿರಬೇಕು. ವಿಕಲಚೇತನರಿಗೆ ಶೇಕಡ 5ರ ಮೀಸಲಾತಿಯನ್ನು ಸದರಿ ನಿಯಮಾವಳಿಯು ಹೇಳುತ್ತದೆಯಾದರೂ, ಅದನ್ನು ಕಾಲುಗಳ ಚಲನೆಗೆ ಸಂಬಂಧಿಸಿದ ಶೇಕಡ 40ರಿಂದ 50ರವರೆಗಿನ ವಿಕಲತೆಗೆ ಮಾತ್ರ ಸೀಮಿತಗೊಳಿಸಿದೆ. ಶ್ರವಣದೋಷವುಳ್ಳವರು ಈ ಮೀಸಲಾತಿಯ ವ್ಯಾಪ್ತಿಗೆ ಬರುವುದಿಲ್ಲ.

ಇದೇ ವಿಷಯದಲ್ಲಿ ವೈದ್ಯಕೀಯ ಶಿಕ್ಷಣ ಕ್ಷೇತ್ರವು ಅನುಸರಿಸಿದ ಕ್ರಮ ಗಮನಾರ್ಹವಾಗಿದೆ. ಎಂ.ಬಿ.ಬಿ.ಎಸ್. ಪ್ರವೇಶದ ಬಗ್ಗೆ 2019ರಲ್ಲಿ ಹೊರಡಿಸಲಾದ ತಿದ್ದುಪಡಿಯ ಪ್ರಕಾರ, ಶೇಕಡ 40ಕ್ಕಿಂತ ಹೆಚ್ಚಿನ ಶ್ರವಣದೋಷವುಳ್ಳವರಿಗೂ ಷರತ್ತಿಗೆ ಒಳಪಟ್ಟು ಮೀಸಲಾತಿಯೊಡನೆ ಪ್ರವೇಶಕ್ಕೆ ಅವಕಾಶ ನೀಡಲಾಯಿತು. ಶ್ರವಣ ಸಾಧನದ ನೆರವಿನಿಂದ ದೋಷವು ಶೇಕಡ 40ಕ್ಕಿಂತ ಕೆಳಗೆ ಇಳಿಯಬೇಕು ಹಾಗೂ ಮಾತನ್ನು ಗುರುತಿಸುವ ಪರೀಕ್ಷೆಯಲ್ಲಿ ಶೇಕಡ 60ಕ್ಕಿಂತ ಹೆಚ್ಚಿನ ಅಂಕ ದೊರೆಯಬೇಕು ಎಂಬುದು ಆ ಷರತ್ತಾಗಿತ್ತು. ಅಂದರೆ ಸಾಧನವಿಲ್ಲದ ಕಿವಿಯ ಬದಲಾಗಿ, ಸಾಧನ ಧರಿಸಿದ ಕಿವಿ ಎಷ್ಟು ಕೇಳಿಸಿಕೊಳ್ಳಬಲ್ಲದು ಎಂಬುದನ್ನು ಅಳೆಯುವ ತತ್ತ್ವವನ್ನು ಅಲ್ಲಿ ಒಪ್ಪಿಕೊಳ್ಳಲಾಯಿತು.

ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ರೋಗ ನಿರ್ಣಯ ಮಾಡಬೇಕಾದ ವೈದ್ಯರಿಗೆ ಲಭ್ಯವಾದ ಈ ತತ್ತ್ವವು ಅದೇ ರೋಗಿಯ ಆರೈಕೆ ಮಾಡುವ ಶುಶ್ರೂಷಕರ ನಿಯಮಾವಳಿಯಲ್ಲಿ ಕಾಣಿಸದಿರುವುದು ಒಂದು ಅಂತರವೇ ಸರಿ. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯು ಹಳೆಯ ಪರಿಷತ್ತಿನ ಸ್ಥಾನದಲ್ಲಿ ಹೊಸ ಆಯೋಗವನ್ನು ರಚಿಸಲು ಅವಕಾಶ ಕಲ್ಪಿಸಿದೆ. ಶಿಕ್ಷಣದ ಮಾನದಂಡಗಳು ಮರುಪರಿಶೀಲನೆಗೆ ಒಳಪಡುವ ಇಂತಹ ಸಂದರ್ಭದಲ್ಲಿ ಸದರಿ ಅಂಶವೂ ಪರಿಶೀಲನೆಗೆ ಅರ್ಹವಾಗಿದೆ.

ನ್ಯಾಯಾಲಯಗಳ ದೃಷ್ಟಿಕೋನ

ಶ್ರವಣದೋಷವುಳ್ಳ ವ್ಯಕ್ತಿಗೆ ನರ್ಸಿಂಗ್ ಪ್ರವೇಶ ನೀಡಬಹುದೇ ಎಂಬ ಪ್ರಶ್ನೆ ಬಹಳ ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಉತ್ತರ ಕೆರೊಲಿನಾ ರಾಜ್ಯದ ಫ್ರಾನ್ಸಿಸ್ ಡೇವಿಸ್ ಎಂಬ ಮಹಿಳೆ ಅದಾಗಲೇ ಪರವಾನಗಿ ಪಡೆದ ಪ್ರಾಯೋಗಿಕ ಶುಶ್ರೂಷಕಿಯಾಗಿದ್ದು, ನೋಂದಾಯಿತ ಶುಶ್ರೂಷಕಿಯಾಗಲು ಸೌತ್‌ಈಸ್ಟರ್ನ್ ಕಮ್ಯುನಿಟಿ ಕಾಲೇಜಿಗೆ ಅರ್ಜಿ ಸಲ್ಲಿಸಿದ್ದರು. ಶ್ರವಣ ಸಾಧನ ಧರಿಸಿದರೂ ಮಾತನ್ನು ತಿಳಿಯಲು ಅವರು ತುಟಿಯ ಚಲನೆಯನ್ನು ಅವಲಂಬಿಸಬೇಕಾಗುತ್ತದೆ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮುಖಗವಸು ಇರುವುದರಿಂದ ಅದು ಸಾಧ್ಯವಾಗದು ಎಂಬ ಕಾರಣಗಳಿಗೆ ಪ್ರವೇಶ ನಿರಾಕರಿಸಲಾಯಿತು. ಕಾರ್ಯಕ್ರಮದ ಮೂಲ ಸ್ವರೂಪವನ್ನೇ ಬದಲಿಸುವಂತೆ ಕಾಲೇಜನ್ನು ಒತ್ತಾಯಿಸಲಾಗದು ಎಂದು 1979ರಲ್ಲಿ ನ್ಯಾಯಾಲಯವು ಕಾಲೇಜಿನ ಪರವಾಗಿ ತೀರ್ಪು ನೀಡಿತು. 1990ರಲ್ಲಿ ಅಲ್ಲಿ ವಿಕಲಚೇತನರ ಸಮಗ್ರ ಕಾಯ್ದೆ ಅಂಗೀಕಾರಗೊಂಡ ನಂತರ, ತಂತ್ರಜ್ಞಾನವೂ ಮುಂದುವರಿದುದರಿಂದ, ಶ್ರವಣದೋಷವುಳ್ಳ ಶುಶ್ರೂಷಕರು ಹಾಗೂ ವೈದ್ಯರು ಆ ದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ.

ಭಾರತದಲ್ಲಿ ಇತ್ತೀಚಿನ ತೀರ್ಪುಗಳು ಇದಕ್ಕಿಂತ ಮುಂದೆ ಸಾಗಿವೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಕಲತೆಯುಳ್ಳ ವ್ಯಕ್ತಿಗೆ ಅಗತ್ಯವಾದ ‘ಸಮಂಜಸ ಅನುಕೂಲ’ವನ್ನು ಒದಗಿಸುವುದು ಕಾಯ್ದೆಯ ತಿರುಳು ಎಂದು ತಿಳಿಸಿತು. 2024ರ ಅಕ್ಟೋಬರ್ 15ರಂದು ಓಂಕಾರ್ ರಾಮಚಂದ್ರ ಗೊಂಡ್ ಪ್ರಕರಣದಲ್ಲಿ, ಶೇಕಡ 40ಕ್ಕಿಂತ ಹೆಚ್ಚಿನ ವಿಕಲತೆ ಇದೆಯೆಂಬ ಒಂದೇ ಕಾರಣದಿಂದ ಎಂ.ಬಿ.ಬಿ.ಎಸ್. ಪ್ರವೇಶ ನಿರಾಕರಿಸತಕ್ಕದ್ದಲ್ಲ, ಅಭ್ಯರ್ಥಿಯು ವ್ಯಾಸಂಗವನ್ನು ನಿರ್ವಹಿಸಬಲ್ಲರೇ ಎಂಬುದನ್ನು ಮೌಲ್ಯಮಾಪನ ಮಂಡಳಿಯು ಪರಿಶೀಲಿಸತಕ್ಕದ್ದು ಎಂದು ತೀರ್ಪು ನೀಡಿತು. ಅದೇ ತಿಂಗಳ ಓಂ ರಾಠೋಡ್ ಪ್ರಕರಣ ಮತ್ತು 2025ರ ಫೆಬ್ರವರಿಯ ಅನ್‌ಮೋಲ್ ಪ್ರಕರಣಗಳಲ್ಲಿಯೂ ಈ ನಿಲುವು ದೃಢಗೊಂಡಿತು. ಈ ಪ್ರಕರಣಗಳು ಶ್ರವಣದೋಷಕ್ಕೆ ಅಥವಾ ನರ್ಸಿಂಗ್ ಶಿಕ್ಷಣಕ್ಕೆ ನೇರವಾಗಿ ಸಂಬಂಧಿಸಿದವುಗಳಲ್ಲ. ಆದಾಗ್ಯೂ ‘ಎಷ್ಟು ಶೇಕಡ’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಏನು ಮಾಡಬಲ್ಲರು’ ಎಂಬ ಪ್ರಶ್ನೆಯನ್ನು ಅವು ಮುಂದಿರಿಸಿವೆ.

ಬೇರೆ ವೃತ್ತಿಯಲ್ಲಿ ಕರ್ನಾಟಕದ ನಿದರ್ಶನವೊಂದು ಉಲ್ಲೇಖನೀಯ. ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರು ಸಂಜ್ಞಾ ಭಾಷಾ ವ್ಯಾಖ್ಯಾನಕಾರರ ನೆರವಿನಿಂದ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿಯೂ ವಾದ ಮಂಡಿಸಿದರು. ಕೇಳುವುದು ಮತ್ತು ಮಾತನಾಡುವುದೇ ಆಧಾರವೆಂದು ಭಾವಿಸಲಾಗಿದ್ದ ವೃತ್ತಿಯಲ್ಲಿ ಇದು ಸಾಧ್ಯವಾಯಿತು.

ವಾರ್ಡಿನಲ್ಲಿ ಕಿವಿಯ ಕೆಲಸ

ರೋಗಿಯ ಸುರಕ್ಷತೆ ಎಲ್ಲಕ್ಕಿಂತ ಮೊದಲನೆಯದು. ಆದುದರಿಂದ ಶುಶ್ರೂಷಕರ ದಿನನಿತ್ಯದ ಕರ್ತವ್ಯಗಳಲ್ಲಿ ಯಾವುದಕ್ಕೆ ಕಿವಿ ಅಗತ್ಯ ಮತ್ತು ಅದನ್ನು ಬೇರೆ ವಿಧಾನದಿಂದ ನಿರ್ವಹಿಸಲು ಸಾಧ್ಯವೇ ಎಂಬುದನ್ನು ಒಂದೊಂದಾಗಿ ನೋಡುವುದು ಸೂಕ್ತ.

ರಕ್ತದೊತ್ತಡದ ಪರೀಕ್ಷೆ: ಸ್ಟೆತಾಸ್ಕೋಪ್ ಬಳಸಿ ಅಳೆಯುವ ವಿಧಾನದಲ್ಲಿ ರಕ್ತನಾಳದ ಶಬ್ದವನ್ನು ಕೇಳಬೇಕಾಗುತ್ತದೆ. ಆಸ್ಪತ್ರೆಗಳಲ್ಲಿ ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ವಯಂಚಾಲಿತ ಯಂತ್ರಗಳು ಶಬ್ದದ ಬದಲು ಪಟ್ಟಿಯೊಳಗಿನ ಒತ್ತಡದ ಕಂಪನವನ್ನು ಗುರುತಿಸಿ ಅಂಕಿಗಳನ್ನು ಪರದೆಯ ಮೇಲೆ ತೋರಿಸುತ್ತವೆ. ನಾಡಿಯನ್ನು ಬೆರಳಿನಿಂದ ಮುಟ್ಟಿ ಮೇಲಿನ ಒತ್ತಡವನ್ನು ಅಂದಾಜಿಸುವ ಹಳೆಯ ವಿಧಾನವೂ ಇದೆ.

ಹೃದಯ ಮತ್ತು ಶ್ವಾಸಕೋಶದ ಶಬ್ದಗಳು: ಇವು ಬಹುಪಾಲು ಕಡಿಮೆ ಕಂಪನಾಂಕದವು. ಹೆಚ್ಚಿನ ಕಂಪನಾಂಕಗಳಲ್ಲಿ ಮಾತ್ರ ಶ್ರವಣನಷ್ಟವಿರುವ ವ್ಯಕ್ತಿಗೆ ಹೃದಯದ ಬಡಿತ ಚೆನ್ನಾಗಿಯೇ ಕೇಳಿಸಬಹುದು. ಆದರೆ ಯಂತ್ರದ ತೀಕ್ಷ್ಣವಾದ ಎಚ್ಚರಿಕೆಯ ಧ್ವನಿ ಕೇಳಿಸದಿರಬಹುದು. ಆದುದರಿಂದ ಪ್ರಮಾಣಪತ್ರದಲ್ಲಿರುವ ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ; ಶ್ರವಣ ಪರೀಕ್ಷೆಯ ಪೂರ್ಣ ನಕ್ಷೆಯನ್ನು ನೋಡಬೇಕು. ಧ್ವನಿಯನ್ನು ಹಲವು ಪಟ್ಟು ಹೆಚ್ಚಿಸುವ ವಿದ್ಯುನ್ಮಾನ ಸ್ಟೆತಾಸ್ಕೋಪ್‌ಗಳು, ಧ್ವನಿಯನ್ನು ರೇಖಾರೂಪದಲ್ಲಿ ಪರದೆಯ ಮೇಲೆ ತೋರಿಸುವ ಮಾದರಿಗಳು ಹಾಗೂ ಬ್ಲೂಟೂತ್ ಮೂಲಕ ಶ್ರವಣ ಸಾಧನಕ್ಕೆ ನೇರವಾಗಿ ಕಳುಹಿಸುವ ಮಾದರಿಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ.

ಯಂತ್ರಗಳ ಎಚ್ಚರಿಕೆ ಮತ್ತು ರೋಗಿಯ ಕರೆಗಂಟೆ: ತೀವ್ರ ನಿಗಾ ಘಟಕದ ಮಾನಿಟರುಗಳಲ್ಲಿ ಧ್ವನಿಯೊಡನೆ ಬಣ್ಣದ ದೀಪವೂ ಬೆಳಗುತ್ತದೆ. ಕರೆಗಂಟೆಗೆ ಬಾಗಿಲ ಮೇಲಿನ ದೀಪ ಅಥವಾ ಕೈಗೆ ಕಟ್ಟುವ ಕಂಪನ ಸಾಧನವನ್ನು ಜೋಡಿಸಲು ಸಾಧ್ಯವಿದೆ. ಆದರೆ ಬೆನ್ನು ತಿರುಗಿಸಿ ಔಷಧ ಸಿದ್ಧಪಡಿಸುತ್ತಿರುವಾಗ ದೀಪ ಕಾಣಿಸದು. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ಒಬ್ಬರೇ ಕರ್ತವ್ಯದಲ್ಲಿರುವಂತೆ ನಿಯೋಜಿಸುವುದು ಸಮಂಜಸವಲ್ಲ.

ಮೌಖಿಕ ಆದೇಶ ಮತ್ತು ದೂರವಾಣಿ: ಇದು ಅತ್ಯಂತ ಸೂಕ್ಷ್ಮವಾದ ಅಂಶ. ಒಂದೇ ರೀತಿ ಕೇಳಿಸುವ ಹೆಸರಿನ ಔಷಧಗಳು ಅನೇಕವಿದ್ದು, ಶ್ರವಣದೋಷವಿಲ್ಲದವರೂ ಇಲ್ಲಿ ತಪ್ಪುವುದುಂಟು. ಆದೇಶವನ್ನು ಬರೆದುಕೊಂಡು, ಆದೇಶ ನೀಡಿದವರಿಗೆ ಮರಳಿ ಓದಿ ಹೇಳಿ, ದೃಢಪಡಿಸಿಕೊಳ್ಳುವ ಪದ್ಧತಿಯನ್ನು ರೋಗಿ ಸುರಕ್ಷತೆಯ ನಿಯಮಗಳು ಎಲ್ಲ ಶುಶ್ರೂಷಕರಿಗೂ ಹೇಳುತ್ತವೆ. ಶ್ರವಣದೋಷವುಳ್ಳವರಿಗಾಗಿ ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದಲ್ಲಿ ಅದರ ಪ್ರಯೋಜನ ಎಲ್ಲ ರೋಗಿಗಳಿಗೂ ದೊರೆಯುತ್ತದೆ.

ಮುಖಗವಸು ಮತ್ತು ಮಂದ ಬೆಳಕು: ಕೋವಿಡ್ ಅವಧಿಯಲ್ಲಿ ಮುಖಗವಸು ಎಲ್ಲೆಡೆ ಕಡ್ಡಾಯವಾದಾಗ ತುಟಿಯ ಚಲನೆಯನ್ನು ಅವಲಂಬಿಸಿದವರು ಎದುರಿಸಿದ ತೊಂದರೆ ಎಲ್ಲರಿಗೂ ತಿಳಿದುದೇ. ಬಾಯಿಯ ಭಾಗ ಪಾರದರ್ಶಕವಾಗಿರುವ ಮುಖಗವಸುಗಳು ಲಭ್ಯವಿವೆ. ಆದರೂ ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ರಾತ್ರಿ ಪಾಳಿಯ ಮಂದ ಬೆಳಕಿನ ವಾರ್ಡು ಕಷ್ಟದ ಸ್ಥಳಗಳಾಗಿಯೇ ಉಳಿಯುತ್ತವೆ.

ಮೇಲಿನ ವಿವರಗಳಿಂದ ತಿಳಿದುಬರುವುದೇನೆಂದರೆ, ಶುಶ್ರೂಷೆಯ ಕೆಲವು ವಿಭಾಗಗಳು ತೀವ್ರ ಶ್ರವಣದೋಷವುಳ್ಳವರಿಗೆ ನಿಜಕ್ಕೂ ಕಠಿಣವಾಗಿವೆ. ಅನೇಕ ವಿಭಾಗಗಳು ಹಾಗಲ್ಲ. ಹೊರರೋಗಿ ವಿಭಾಗ, ಲಸಿಕಾ ಕಾರ್ಯಕ್ರಮ, ಗಾಯದ ಆರೈಕೆ, ಸಮುದಾಯ ಆರೋಗ್ಯ, ಸೋಂಕು ನಿಯಂತ್ರಣ, ದಾಖಲೆಗಳ ಪರಿಶೀಲನೆ ಹಾಗೂ ಬೋಧನೆ ಇವುಗಳಲ್ಲಿ ಸೂಕ್ತ ಸಾಧನಗಳೊಂದಿಗೆ ಸೇವೆ ಸಲ್ಲಿಸಲು ಅವಕಾಶವಿದೆ. ಆದರೆ ಈ ವಿಭಾಗಗಳನ್ನು ತಲುಪಲು ಎಲ್ಲ ವಾರ್ಡುಗಳಲ್ಲಿಯೂ ತರಬೇತಿ ಪೂರೈಸುವುದು ಅನಿವಾರ್ಯ. ನಿಜವಾದ ಪರೀಕ್ಷೆ ಇರುವುದು ನಾಲ್ಕು ವರ್ಷಗಳ ತರಬೇತಿಯ ಅವಧಿಯಲ್ಲಿ. ಕಾಲೇಜಿನ ಸಹಕಾರ ನಿರ್ಣಾಯಕವಾಗುವುದೂ ಅಲ್ಲಿಯೇ.

ಈ ತಾಲ್ಲೂಕುಗಳ ವಿಶೇಷ ಪರಿಸ್ಥಿತಿ

ಮೊದಲನೆಯದು ಭಾಷೆ. ಸುಳ್ಯದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ತುಳು, ಅರೆಭಾಷೆ, ಮಲಯಾಳಂ, ಬ್ಯಾರಿ ಮತ್ತು ಕನ್ನಡ ಮಾತನಾಡುವ ರೋಗಿಗಳಿರುವುದು ಸಾಮಾನ್ಯ. ಪುತ್ತೂರಿನಲ್ಲಿ ಕೊಂಕಣಿ ಮತ್ತು ಹವ್ಯಕ ಕನ್ನಡವೂ ಸೇರಿಕೊಳ್ಳುತ್ತವೆ. ತುಟಿಯ ಚಲನೆಯಿಂದ ಮಾತನ್ನು ಗ್ರಹಿಸುವ ವ್ಯಕ್ತಿಗೆ ಪ್ರತಿ ಭಾಷೆಯೂ ಹೊಸ ಅಭ್ಯಾಸವನ್ನು ಬೇಡುತ್ತದೆ. ನೋವಿನ ಸ್ಥಳ, ನೋವಿನ ತೀವ್ರತೆ, ಬಾಯಾರಿಕೆ, ಉಸಿರಾಟದ ತೊಂದರೆ, ಶೌಚದ ಅಗತ್ಯ ಮುಂತಾದವುಗಳನ್ನು ಸೂಚಿಸುವ ಚಿತ್ರಫಲಕಗಳನ್ನು ಹಾಸಿಗೆಯ ಬಳಿ ಇರಿಸುವುದು ಖರ್ಚಿಲ್ಲದ ಪರಿಹಾರ. ಭಾಷೆ ಅರಿಯದ ಹೊರರಾಜ್ಯದ ಕಾರ್ಮಿಕ ರೋಗಿಗಳಿಗೂ ಇದು ಉಪಯುಕ್ತವಾಗುತ್ತದೆ.

ಎರಡನೆಯದು ಹವಾಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವಾಂಶ ಶ್ರವಣ ಸಾಧನಗಳಿಗೆ ಹಾನಿಕರ. ಪ್ರತಿ ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಇರಿಸುವುದು ಮತ್ತು ಹೆಚ್ಚುವರಿ ಬ್ಯಾಟರಿ ಹೊಂದಿರುವುದು ಇಲ್ಲಿ ಕರ್ತವ್ಯದ ಭಾಗವೇ ಆಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ ವ್ಯತ್ಯಯವಾಗುವ ಗ್ರಾಮಗಳಲ್ಲಿ ಚಾರ್ಜ್ ಮಾಡುವ ಸಾಧನಕ್ಕಿಂತ ಬ್ಯಾಟರಿ ಬದಲಿಸುವ ಸಾಧನ ಅನುಕೂಲವಾಗಬಹುದು.

ಮೂರನೆಯದು ದೂರ. ಪುತ್ತೂರಿನಿಂದ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಸುಮಾರು 50 ಕಿ.ಮೀ. ದೂರವಿದ್ದು, ಸುಳ್ಯ ಹಾಗೂ ಕಡಬದ ಒಳಗ್ರಾಮಗಳಿಂದ ಅದು ಇನ್ನೂ ಹೆಚ್ಚು. ಶ್ರವಣ ಪರೀಕ್ಷೆ, ಸಾಧನದ ಹೊಂದಾಣಿಕೆ ಮತ್ತು ಪ್ರಮಾಣಪತ್ರಕ್ಕಾಗಿ ಹಲವು ಬಾರಿ ಪ್ರಯಾಣಿಸಬೇಕಾಗಿ ಬರುವುದರಿಂದ ಕೂಲಿ ಕುಟುಂಬಗಳಿಗೆ ಪ್ರತಿ ಬಾರಿಯೂ ಒಂದು ದಿನದ ಸಂಪಾದನೆ ನಷ್ಟವಾಗುತ್ತದೆ. ಇನ್ನೊಂದೆಡೆ, ಪುತ್ತೂರು ಮತ್ತು ಸುಳ್ಯದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275 ಮಡಿಕೇರಿಯ ಮಾರ್ಗವಾಗಿ ಮೈಸೂರನ್ನು ತಲುಪುತ್ತದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಅಲ್ಲಿದೆ. ದೇಶದ ವಿವಿಧೆಡೆಯಿಂದ ಜನರು ಬರುವ ಈ ಸಂಸ್ಥೆಯು ಈ ತಾಲ್ಲೂಕುಗಳ ಜನರಿಗೆ ನೇರ ಬಸ್ಸಿನ ದೂರದಲ್ಲಿರುವುದು ಒಂದು ಅನುಕೂಲವೇ ಆಗಿದೆ.

ನಾಲ್ಕನೆಯದು ಈ ಭಾಗದ ಇತಿಹಾಸಕ್ಕೆ ಸಂಬಂಧಿಸಿದೆ. ಗೇರು ತೋಟಗಳ ಮೇಲೆ ವಿಮಾನದ ಮೂಲಕ ಸಿಂಪಡಿಸಲಾದ ಎಂಡೋಸಲ್ಫಾನ್‌ನ ಪರಿಣಾಮಗಳಿಂದಾಗಿ ಬೆಳ್ತಂಗಡಿ ಸೇರಿದಂತೆ ಈ ಪ್ರದೇಶದ ಅನೇಕ ಕುಟುಂಬಗಳು ವೈದ್ಯಕೀಯ ಮಂಡಳಿ, ಪ್ರಮಾಣಪತ್ರ ಹಾಗೂ ಮಾಸಾಶನಗಳ ಪರಿಚಯ ಹೊಂದಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ನಿಷೇಧಿಸಿತು. ಕೊಕ್ಕಡ ಮತ್ತು ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಆರಂಭಗೊಂಡವು. ಪರಿಹಾರ ಮತ್ತು ಪಾಲನೆಯ ಅಗತ್ಯವಿದ್ದವರಿಗೆ ಅದು ದೊರೆಯಬೇಕಾದುದು ನ್ಯಾಯವೇ. ಆದರೆ ವಿಕಲತೆಯ ಪ್ರಮಾಣಪತ್ರ ಎಂದರೆ ಮಾಸಾಶನದ ಪತ್ರ ಎಂಬ ಭಾವನೆಯೂ ಇದರೊಂದಿಗೆ ಬೆಳೆದಿರುವುದನ್ನು ಅಲ್ಲಗಳೆಯುವಂತಿಲ್ಲ. ಅದೇ ಪ್ರಮಾಣಪತ್ರ ಶಿಕ್ಷಣಕ್ಕೆ, ಸಾಧನಕ್ಕೆ ಮತ್ತು ಉದ್ಯೋಗಕ್ಕೆ ಆಧಾರ ಎಂಬ ತಿಳಿವಳಿಕೆ ಇನ್ನೂ ಹರಡಬೇಕಾಗಿದೆ.

ಕಡಬ ತಾಲ್ಲೂಕಿನ ಒಳಗ್ರಾಮವೊಂದರ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಚಿಕ್ಕಂದಿನಿಂದಲೂ ಆಕೆಗೆ ಕೇಳಿಸುವುದು ಕಡಿಮೆ. ಮುಂದಿನ ಬೆಂಚಿನಲ್ಲಿ ಕುಳಿತು, ಶಿಕ್ಷಕಿಯ ಮುಖ ನೋಡುತ್ತಾ ಹತ್ತನೆಯ ತರಗತಿಯವರೆಗೆ ಉತ್ತಮ ಅಂಕ ಪಡೆದಿದ್ದಾಳೆ. ಮದುವೆಗೆ ತೊಡಕಾದೀತೆಂಬ ಅಳುಕಿನಿಂದ ಮನೆಯವರು ಪರೀಕ್ಷೆ ಮಾಡಿಸಿಲ್ಲ, ಸಾಧನ ಕೊಡಿಸಿಲ್ಲ. ನರ್ಸಿಂಗ್ ಪ್ರವೇಶದ ವೈದ್ಯಕೀಯ ತಪಾಸಣೆಯ ದಿನವೇ ದೋಷ ಬೆಳಕಿಗೆ ಬಂದರೆ, ಆಕೆಯ ಬಳಿ ನಕ್ಷೆಯೂ ಇಲ್ಲ, ಸಾಧನದ ಅಭ್ಯಾಸವೂ ಇಲ್ಲ, ಮನವಿ ಸಲ್ಲಿಸಲು ಕಾಲಾವಕಾಶವೂ ಇಲ್ಲ. ಆಕೆಯನ್ನು ವೃತ್ತಿಯಿಂದ ದೂರವಿರಿಸುವಲ್ಲಿ ಕಿವಿಯ ದೋಷಕ್ಕಿಂತ ವಿಳಂಬದ ಪಾಲು ಹೆಚ್ಚು. ಇದೇ ಪರೀಕ್ಷೆ ಎಂಟನೆಯ ತರಗತಿಯಲ್ಲಿ ನಡೆದಿದ್ದಲ್ಲಿ ಫಲಿತಾಂಶ ಬೇರೆಯಾಗುವ ಸಾಧ್ಯತೆ ಇತ್ತು.

ಉದ್ಯೋಗ ಮತ್ತು ಸೇವಾ ರಕ್ಷಣೆ

2016ರ ಕಾಯ್ದೆಯ 34ನೆಯ ಪ್ರಕರಣವು ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4ರಷ್ಟು ಮೀಸಲಾತಿಯನ್ನು ನಿಗದಿಪಡಿಸಿದ್ದು, ಅದರಲ್ಲಿ ಶೇಕಡ 1ರಷ್ಟು ಕಿವುಡುತನ ಮತ್ತು ಮಂದ ಶ್ರವಣವುಳ್ಳವರಿಗೆ ಮೀಸಲಾಗಿದೆ. ಯಾವ ಹುದ್ದೆ ಯಾವ ವಿಕಲತೆಗೆ ಸೂಕ್ತ ಎಂಬುದನ್ನು ಸರ್ಕಾರಗಳು ಗುರುತಿಸಬೇಕಾಗಿದ್ದು, ಪಟ್ಟಿಯನ್ನು 3 ವರ್ಷಗಳನ್ನು ಮೀರದ ಅವಧಿಗೊಮ್ಮೆ ಪರಿಶೀಲಿಸತಕ್ಕದ್ದು. ಕೇಂದ್ರ ಸರ್ಕಾರವು 2021ರ ಜನವರಿಯಲ್ಲಿ ಇಂತಹ 3566 ಹುದ್ದೆಗಳ ಪಟ್ಟಿಯನ್ನು ಪ್ರಕಟಿಸಿತು. ಶುಶ್ರೂಷಾಧಿಕಾರಿ ಹುದ್ದೆಯ ಅಧಿಸೂಚನೆ ಹೊರಬಿದ್ದಾಗ ಅಭ್ಯರ್ಥಿಗಳು ಹುದ್ದೆಯ ಎದುರಿನ ವಿಕಲತೆಯ ಅಂಕಣವನ್ನು ಗಮನವಿಟ್ಟು ಓದಬೇಕು. ‘ಡಿ’ ಎಂದರೆ ಕಿವುಡುತನ, ‘ಎಚ್.ಎಚ್.’ ಎಂದರೆ ಮಂದ ಶ್ರವಣ ಎಂದು ಅರ್ಥ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ರಕ್ಷಣೆ ಇದೆ. ವಯಸ್ಸು, ಕಾಯಿಲೆ ಅಥವಾ ಕೆಲವು ಔಷಧಗಳ ಪರಿಣಾಮದಿಂದ ಸೇವೆಯ ನಡುವೆ ಶ್ರವಣಶಕ್ತಿ ಕಳೆದುಕೊಳ್ಳುವ ಶುಶ್ರೂಷಕರು ಕೆಲಸ ಹೋದೀತೆಂಬ ಭಯದಿಂದ ಅದನ್ನು ಮರೆಮಾಚುವುದುಂಟು. ಕಾಯ್ದೆಯ 20ನೆಯ ಪ್ರಕರಣದ (4)ನೆಯ ಉಪಪ್ರಕರಣದಂತೆ, ಸೇವಾವಧಿಯಲ್ಲಿ ವಿಕಲತೆ ಹೊಂದಿದ ನೌಕರರನ್ನು ಸರ್ಕಾರಿ ಸಂಸ್ಥೆಯು ಸೇವೆಯಿಂದ ತೆಗೆದುಹಾಕುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ. ಹಾಲಿ ಹುದ್ದೆಗೆ ಸೂಕ್ತರಲ್ಲವಾದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಅಂತಹ ಹುದ್ದೆ ಇಲ್ಲದಿದ್ದಲ್ಲಿ ಹೆಚ್ಚುವರಿ ಹುದ್ದೆಯಲ್ಲಿ ಮುಂದುವರಿಸಬೇಕು. ಮರೆಮಾಚುವುದರಿಂದ ರೋಗಿಗೆ ಅಪಾಯ. ತಿಳಿಸುವುದರಿಂದ ನೌಕರರಿಗೆ ರಕ್ಷಣೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಆಸ್ಪತ್ರೆಗಳು ಸಹ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು ಹಾಗೂ ಸೌಲಭ್ಯಗಳನ್ನು ಒಳಗೊಂಡ ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವುದು 2017ರ ನಿಯಮಗಳ ಪ್ರಕಾರ ಕಡ್ಡಾಯವಾಗಿದೆ.

ವಿದ್ಯಾರ್ಥಿಗಳು ಮತ್ತು ಪೋಷಕರು ಗಮನಿಸಬೇಕಾದ ಅಂಶಗಳು

1. ಶಾಲೆಗಳಿಗೆ ಭೇಟಿ ನೀಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಕ್ಕೆ ಮಗುವಿನ ಶ್ರವಣ ತೊಂದರೆಯನ್ನು ಮರೆಮಾಚದೆ ತಿಳಿಸುವುದು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳನ್ನು ಒಳಗೊಂಡಿದೆ.

2. ಪ್ರೌಢಶಾಲಾ ಹಂತದಲ್ಲಿಯೇ ಶ್ರವಣ ಪರೀಕ್ಷೆ ಮಾಡಿಸಿ, ನಕ್ಷೆಯ ಪ್ರತಿಯನ್ನು ಜೋಪಾನವಾಗಿಡುವುದು. ಸಾಧನ ಧರಿಸಿದಾಗಿನ ಫಲಿತಾಂಶ ಮತ್ತು ಮಾತು ಗುರುತಿಸುವ ಪರೀಕ್ಷೆಯ ಅಂಕವನ್ನೂ ಪ್ರತ್ಯೇಕವಾಗಿ ಬರೆಯಿಸಿಕೊಳ್ಳುವುದು.

3. ವಿಶಿಷ್ಟ ಗುರುತಿನ ಚೀಟಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಇದಕ್ಕೆ ನೆರವು ಪಡೆಯಬಹುದು.

4. ಪ್ರವೇಶಕ್ಕೆ ಮುನ್ನ ಕಾಲೇಜಿನ ಪ್ರಾಂಶುಪಾಲರನ್ನು ಖುದ್ದಾಗಿ ಭೇಟಿಯಾಗಿ ಸ್ಥಿತಿಯನ್ನು ತಿಳಿಸುವುದು. ಬೇಕಾದ ಅನುಕೂಲಗಳನ್ನು, ಅಂದರೆ ಮುಂದಿನ ಸಾಲಿನ ಆಸನ, ಲಿಖಿತ ಸೂಚನೆ, ಧ್ವನಿವರ್ಧಕ ಸ್ಟೆತಾಸ್ಕೋಪ್ ಬಳಕೆಯ ಅನುಮತಿ ಮುಂತಾದವುಗಳನ್ನು, ಪಟ್ಟಿ ಮಾಡಿ ಲಿಖಿತ ಮನವಿ ಸಲ್ಲಿಸುವುದು.

5. ಪ್ರವೇಶ ನಿರಾಕರಿಸಲ್ಪಟ್ಟಲ್ಲಿ ಕಾರಣವನ್ನು ಲಿಖಿತವಾಗಿ ಕೇಳುವುದು. ಮೌಖಿಕ ನಿರಾಕರಣೆಯ ಮೇಲೆ ಮನವಿ ಸಲ್ಲಿಸುವುದು ಕಷ್ಟ. ತಾರತಮ್ಯವಾಗಿದೆ ಎಂದು ಕಂಡುಬಂದಲ್ಲಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.

6. ತೀವ್ರ ದೋಷವಿದ್ದು ವಾರ್ಡಿನ ತರಬೇತಿ ಸಾಧ್ಯವಾಗದೆಂದು ತಜ್ಞರು ಅಭಿಪ್ರಾಯಪಟ್ಟಲ್ಲಿ, ಪ್ರಯೋಗಾಲಯ ತಂತ್ರಜ್ಞಾನ, ವೈದ್ಯಕೀಯ ದಾಖಲೆಗಳ ನಿರ್ವಹಣೆ ಮುಂತಾದ ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳನ್ನೂ ಪರಿಗಣಿಸುವುದು. ಅದು ಪರೀಕ್ಷೆಯ ನಂತರದ ನಿರ್ಧಾರವಾಗಿರಲಿ, ಪರೀಕ್ಷೆಗೆ ಮುಂಚಿನ ಹಿಂಜರಿಕೆಯಾಗದಿರಲಿ.

ಉಪಸಂಹಾರ

ಆಸ್ಪತ್ರೆಗೆ ಬರುವ ರೋಗಿಗಳಲ್ಲಿಯೂ ಕಿವಿ ಕೇಳಿಸದವರು ಇರುತ್ತಾರೆ. ಅವರಲ್ಲಿ ವೃದ್ಧರೇ ಹೆಚ್ಚು. ಮಾತ್ರೆಯನ್ನು ಊಟಕ್ಕೆ ಮೊದಲೋ ನಂತರವೋ ಎಂದು ತಿಳಿಯದೆ, ಮತ್ತೆ ಕೇಳಲು ಸಂಕೋಚಪಟ್ಟು, ತಲೆಯಾಡಿಸಿ ಮನೆಗೆ ಮರಳುವವರು ಅವರು. ಮುಖವನ್ನು ಎದುರಿಗೆ ಹಿಡಿದು ನಿಧಾನವಾಗಿ ಮಾತನಾಡಬೇಕು, ಬರೆದು ಕೊಡಬೇಕು, ಅರ್ಥವಾಯಿತೇ ಎಂದು ಮತ್ತೊಮ್ಮೆ ವಿಚಾರಿಸಬೇಕು ಎಂಬುದನ್ನು ಶ್ರವಣದೋಷವುಳ್ಳ ಶುಶ್ರೂಷಕರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಾಯ್ದೆ ಈಗಾಗಲೇ ಇದೆ, ನ್ಯಾಯಾಲಯಗಳು ದಿಕ್ಕನ್ನು ತೋರಿಸಿವೆ, ಸಾಧನಗಳು ಲಭ್ಯವಿವೆ. ಪ್ರವೇಶ ನಿಯಮಾವಳಿಯು ಇವುಗಳೊಂದಿಗೆ ಹೊಂದಿಕೊಳ್ಳಬೇಕಾದುದು ಮುಂದಿನ ಹೆಜ್ಜೆ. ಆ ಹೆಜ್ಜೆ ದೆಹಲಿಯಲ್ಲಿ ಇಡಬೇಕಾದುದಾದರೂ, ಅದಕ್ಕಿಂತ ಮೊದಲಿನ ಹೆಜ್ಜೆಯಾದ ಶ್ರವಣ ಪರೀಕ್ಷೆಯನ್ನು ಪುತ್ತೂರು, ಸುಳ್ಯ, ಕಡಬದ ಪ್ರತಿ ಮನೆಯೂ ಈ ಶೈಕ್ಷಣಿಕ ವರ್ಷದಲ್ಲಿಯೇ ಇಡಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಮಂಗಳೂರಿನಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.